ಡಾಯ್ಟ್ಸಾ, ಕಾಸ್ಟೆಲ್ಲಾ?

ಜರ್ಮನಿಯಲ್ಲಿ ರೋಮನ್ನರ ಕಾಲದ ಪುಟ್ಟ ಬಡಾವಣೆ ನೋಡಲು ಒಂದೇ ದಿನ ಇದೆಯಾ? ಕಲೋನ್‌ನ ಡಾಯ್ಟ್ಸ್ ಅಥವಾ ಮೈಂಟ್ಸ್-ಕಾಸ್ಟೆಲ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡೂ ರೈನ್ ನದಿಯ ಬಲದಂಡೆಯಲ್ಲಿವೆ. ಎರಡೂ ಹುಟ್ಟಿದ್ದು ರೋಮನ್ ಸೇತುವೆಯ ಕಾವಲಿಗೆ.

ಡಾಯ್ಟ್ಸ್ ಕೋಟೆಯನ್ನು ಸುಮಾರು 310ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ. ಅದರ ಆಗಿನ ಹೆಸರು ದಿವಿತಿಯಾ. ಅದೇ ಸವೆದು ಡಾಯ್ಟ್ಸ್ ಆಯಿತು. ಹಾಳಾದ ಕೋಟೆಯೊಳಗೇ ಆಮೇಲೆ ಆರ್ಚ್‌ಬಿಷಪ್ ಹೆರಿಬರ್ಟ್ ಮಠ ಕಟ್ಟಿಸಿದರು. ಅವರ ಅಸ್ಥಿ ಇಟ್ಟ 12ನೇ ಶತಮಾನದ ಪೆಟ್ಟಿಗೆ ಇಲ್ಲಿನ ಚರ್ಚಿನಲ್ಲಿದೆ. ಹತ್ತಿರ ಹೋಗಿ ನೋಡಿ. ಚಿನ್ನದ ಲೇಪದ ನಡುವೆ ಎನಾಮಲ್ ಬಿಲ್ಲೆಗಳು, ಅವುಗಳಲ್ಲಿ ಸಂತ ಹೆರಿಬರ್ಟರ ಬದುಕಿನ ಕಥೆ. ಸುಮ್ನೆ ಅರ್ಧ ಗಂಟೆ ನಿಂತುಬಿಡಬಹುದು. ಇಷ್ಟೇ ಅಲ್ಲ, ಇಂದಿನ ಪೆಟ್ರೋಲ್ ಇಂಜಿನ್‌ಗೆ ದಾರಿ ತೋರಿದ ನಿಕೊಲೌಸ್ ಓಟ್ಟೋ ಅವರ ಇಂಜಿನ್ ಕಾರ್ಖಾನೆ 1869ರಲ್ಲಿ ನೆಲೆಯೂರಿದ್ದೂ ಇಲ್ಲೇ. ಕೋಟೆಯ ಜಾಗ 2021ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಭಾಗ.

ಕಾಸ್ಟೆಲ್ ಇನ್ನೂ ಹಳೆಯದು, ಒಂದನೇ ಶತಮಾನದ್ದು. ಹೆಸರಿನ ಅರ್ಥವೇ ಕೋಟೆ. 1986ರಲ್ಲಿ ಕಟ್ಟಡಕ್ಕೆಂದು ನೆಲ ಅಗೆದಾಗ ರೋಮನ್ ವಿಜಯ ಕಮಾನಿನ ಅಡಿಪಾಯ ಸಿಕ್ಕಿತು. ದೊಡ್ಡ ದೊಡ್ಡ ಕಲ್ಲುಗಳು, ಅಷ್ಟೇ. ಉಳಿದದ್ದನ್ನು ನೀವೇ ಕಲ್ಪಿಸಿಕೊಳ್ಳಬೇಕು. ಹೆಸರಲ್ಲಿ ಎದುರು ದಡದ ಮೈಂಟ್ಸ್ ನಗರ ಇದ್ದರೂ 1945ರಿಂದ ಊರು ಪಕ್ಕದ ವೀಸ್‌ಬಾಡೆನ್ ನಗರಕ್ಕೆ ಸೇರಿದೆ, ವಿಚಿತ್ರ ಅಲ್ವಾ?

ಮಕ್ಕಳ ಜೊತೆ ಹೋಗುವವರಿಗೆ ಡಾಯ್ಟ್ಸ್ ವಾಸಿ. ಎದುರು ದಡದ ಕಲೋನ್ ಕೆಥೆಡ್ರಲ್ ನೋಡಿ, ಸೇತುವೆ ಮೇಲೆ ನಡೆದೇ ಹೋಗಬಹುದು. ರೋಮನ್ ಕಲ್ಲುಗಳ ಹುಚ್ಚು ಜಾಸ್ತಿ ಇದ್ದವರು ಕಾಸ್ಟೆಲ್‌ಗೆ ಹೋಗಿ. ನನ್ನ ಮನಸ್ಸು ಮಾತ್ರ ಆ ಪೆಟ್ಟಿಗೆಯ ಹತ್ತಿರವೇ ಇದೆ.