ಯುಗಾದಿ ಊಟಕ್ಕೆ ಫ್ರೂಟ್ ಕಸ್ಟರ್ಡ್ ಹೇಳೋ ಮುಂಚೆ ಇದನ್ನ ಓದಿ

ನಮ್ಮನೆ ದಾವಣಗೆರೆಯ ನಿಟುವಳ್ಳಿ ಕಡೆ. 2024ರ ಏಪ್ರಿಲ್ 10, ಯುಗಾದಿಯ ಮರುದಿನ, ಚಂದ್ರನ ನೋಡೋ ದಿನ ಮಾಳಿಗೆ ಮೇಲೆ ನಲವತ್ತು ಜನಕ್ಕೆ ಊಟ ಇಟ್ಕೊಂಡಿದ್ದೆ. ಆ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದೊಳಗೆ ಬಂದೋರಲ್ಲಿ ಹದಿನಾಲ್ಕು ಜನ ವಾಂತಿ ಮಾಡ್ಕೊಂಡ್ರು. ಇಬ್ಬರಿಗೆ ಡ್ರಿಪ್ ಹಾಕಿಸಬೇಕಾಯ್ತು. ಅದರಲ್ಲೊಬ್ಬಳು ನನ್ನ ತಂಗಿ ಮಗಳು, ಆರು ವರ್ಷದ ಕೂಸು.

ಎಲ್ಲ ಶುರುವಾಗಿದ್ದು ನನ್ನ ಜಂಬದಿಂದ. ಅವ್ವ ವಾರ ಮುಂಚೆನೇ ಹೇಳಿದ್ಳು: "ಬೆಣ್ಣೆ ದೋಸೆ ಹಂಚು ಇಡ್ಸು, ಜೊತಿಗೆ ಮಂಡಕ್ಕಿ, ಮೆಣಸಿನಕಾಯಿ. ಕುಡಿಯಾಕೆ ಮಜ್ಜಿಗೆ. ಇನ್ನೇನ್ ಬೇಕಪ್ಪ?" ದೋಸೆಗೆ ಒಪ್ಪಿದೆ. ಮಂಡಕ್ಕಿ ಅಂದಾಗ ಮುಖ ಸಿಂಡರಿಸಿದೆ. ಬೆಂಗಳೂರಿಂದ ಬೀಗರು ಬರ್ತಾರೆ, ದಿನಾ ಸಂಜೆ ತಿನ್ನೋದನ್ನೇ ಅವರ ಮುಂದೆ ಇಡೋದಾ? ಕೇಟರಿಂಗ್‌ನವನಿಗೆ ಫ್ರೂಟ್ ಕಸ್ಟರ್ಡ್, ಕಲ್ಲಂಗಡಿ ಜ್ಯೂಸ್ ಹೇಳಿಬಿಟ್ಟೆ. ಆ ಬಿಸಿಲಲ್ಲಿ ತಣ್ಣಗಿರೋದನ್ನ ಕೊಟ್ರೆ ಎಲ್ಲರೂ ಖುಷಿಯಾಗ್ತಾರೆ ಅಂತ ನನ್ನ ಲೆಕ್ಕ. ಖುಷಿಯೇನೋ ಆದ್ರು, ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರು.

ಕಸ್ಟರ್ಡ್ ಡ್ರಮ್ಮು ಬಂದಿದ್ದು ಸಂಜೆ ನಾಲ್ಕೂವರೆಗೆ. ಸ್ಟೀಲ್ ಡ್ರಮ್ಮು, ಮೇಲೊಂದು ತಟ್ಟೆ ಮುಚ್ಚಿದ್ರು. ಸುತ್ತ ಐಸೂ ಇಲ್ಲ, ಏನೂ ಇಲ್ಲ. ಮಾಳಿಗೆ ನೆಲ ಬರಿಗಾಲಲ್ಲಿ ನಿಲ್ಲೋಕಾಗದಷ್ಟು ಕಾದಿತ್ತು. "ಫ್ರಿಜ್ಜಲ್ಲಿ ಇಡಬೇಕಾಗಿತ್ತಲ್ಲ?" ಅಂದೆ. "ಈಗ ತಾನೆ ಮಾಡಿರೋದು ಸರ, ಏನಾಗಲ್ಲ ಬಿಡ್ರಿ" ಅಂದ. ಬಿಟ್ಟೆ. ಏಳು ಗಂಟೆ ಸುಮಾರಿಗೆ ಚಂದ್ರನ ನೋಡಿ, ಹಿರಿಯರ ಕಾಲಿಗೆ ಬಿದ್ದು, ಹರಿಹರದಿಂದ ಬರೋರಿಗೆ ಕಾದು ಊಟಕ್ಕೆ ಕೂತಾಗ ಎಂಟೂವರೆ. ಅಲ್ಲಿಗೆ ಆ ಡ್ರಮ್ಮು ನಮ್ಮನೆ ಮಾಳಿಗೆ ಮೇಲೇ ನಾಲ್ಕು ಗಂಟೆ ಕೂತಿತ್ತು. ಅದಕ್ಕೂ ಮೊದಲು ಅವನ ಹತ್ರ ಎಷ್ಟೊತ್ತು ಇತ್ತೋ. ಬಡಿಸೋ ಮುಂಚೆ ನಾನೇ ಒಂದು ಚಮಚ ರುಚಿ ನೋಡಿದ್ದೆ. ಹುಳಿ ಇಲ್ಲ, ವಾಸನೆ ಇಲ್ಲ, ಚೆನ್ನಾಗೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದ್ದು ಇದನ್ನೇ. ಹಾಲು ಕಾಯಿಸಿ ಆರಿಸಿದ ಮೇಲೆ ಹಣ್ಣು ಹೆಚ್ಚೋ ಕೈಯಿಂದ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸೇರ್ಕೊಳ್ಳುತ್ತೆ. ಸೆಕೆಯಲ್ಲಿ ಬೆಳೆದು ಹಾಲಿನಲ್ಲೇ ವಿಷ ಬಿಡುತ್ತೆ. ಆ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಮತ್ತೆ ಕುದಿಸಿದ್ರೂ ಹೋಗಲ್ಲ. ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ಇಂಥ ಪದಾರ್ಥ 5 ಡಿಗ್ರಿಗಿಂತ ತಣ್ಣಗಿರಬೇಕು, ಬಿಸಿ ಅಡುಗೆಯಾದ್ರೆ 60 ಡಿಗ್ರಿ ಮೇಲಿರಬೇಕು. ಹೊರಗಿಟ್ರೆ ಎರಡು ಗಂಟೆ, ನಮ್ಮೂರಿನ ಬೇಸಿಗೆಗೆ ಒಂದೇ ಗಂಟೆ. ತಯಾರಿಸಿದ ಹೊತ್ತನ್ನ ಕೇಳದೆ ನಾಲಿಗೆ ನಂಬಿದ್ದು ನನ್ನ ದಡ್ಡತನ.

ಮರುದಿನ ಒಬ್ಬೊಬ್ಬರಿಗೂ ಫೋನ್ ಮಾಡಿ ಯಾರು ಏನು ತಿಂದ್ರಿ ಅಂತ ಬರ್ಕೊಂಡೆ (ಅದರಷ್ಟು ನಾಚಿಕೆಯ ಕೆಲಸ ಇನ್ನೊಂದಿಲ್ಲ). ವಾಂತಿಯಾದ ಹದಿನಾಲ್ಕೂ ಜನ ಕಸ್ಟರ್ಡ್ ತಿಂದಿದ್ರು. ಬರೀ ದೋಸೆ ತಿಂದೋರಿಗೆ ಏನೂ ಆಗಿರ್ಲಿಲ್ಲ, ಹಂಚಿಂದ ನೇರ ತಟ್ಟೆಗೆ ಬಿದ್ದಿದ್ದು ತಾನೆ. ಸಕ್ಕರೆ ಕಾಯಿಲೆ ಅಂತ ಕಸ್ಟರ್ಡ್ ಮುಟ್ಟದ ಅವ್ವ ಆರಾಮಿದ್ಳು.

ಇನ್ನು ಜ್ಯೂಸು. ಎರಡು ದಿನ ಬಿಟ್ಟು ಮೂವರಿಗೆ ಭೇದಿ ಹಿಡೀತು, ಅವರ್ಯಾರೂ ಕಸ್ಟರ್ಡ್ ತಿಂದಿರಲಿಲ್ಲ. ಜ್ಯೂಸಿಗೆ ಹಾಕಿದ್ದ ಐಸಿಂದಲೇ ಅಂತ ಸಾಧಿಸೋಕೆ ಆಗಲ್ಲ. ಆದ್ರೆ ಆ ಐಸ್ ಗಡ್ಡೆ ಬಂದಿದ್ದನ್ನ ಕಣ್ಣಾರೆ ನೋಡಿದ್ದೀನಿ: ಗೋಣಿಚೀಲದಲ್ಲಿ ಸುತ್ತಿ, ಮೆಟ್ಟಿಲ ಮೇಲೆ ದರದರ ಎಳ್ಕೊಂಡು ಬಂದು, ಮಾಳಿಗೆ ನೆಲದ ಮೇಲೇ ಕಬ್ಬಿಣದ ರಾಡಿಂದ ಒಡೆದ್ರು. ಚೂರುಗಳಿಗೆ ಭತ್ತದ ಹೊಟ್ಟು ಅಂಟಿತ್ತು. ಹುಡುಗ ಒಂದು ಮಗ್ ನೀರು ಸುರಿದು ತೊಳೆದು ಜ್ಯೂಸಿಗೆ ಹಾಕಿದ. ಇಂಥ ದೊಡ್ಡ ಗಡ್ಡೆಗಳನ್ನ ಎಷ್ಟೋ ಕಡೆ ಮೀನು, ಸಾಮಾನು ತಣ್ಣಗಿಡೋಕೆ ಅಂತಲೇ ಮಾಡ್ತಾರೆ, ಕುಡಿಯೋ ನೀರಲ್ಲಲ್ಲ. ಹೆಪ್ಪುಗಟ್ಟಿದ ಮಾತ್ರಕ್ಕೆ ನೀರಿನ ರೋಗಾಣು ಸಾಯೋದೂ ಇಲ್ಲ. ಕ್ಯಾನ್ ನೀರಿನ ಬಾಟ್ಲಿಗಳನ್ನ ಐಸ್ ತೊಟ್ಟಿಯಲ್ಲಿ ಹುದುಗಿಸಿಡಿ, ಐಸನ್ನ ಲೋಟಕ್ಕೆ ಹಾಕಬೇಡಿ.

ಕೇಟರಿಂಗ್‌ನವನಿಗೆ ಫೋನ್ ಮಾಡಿದ್ರೆ "ನಿಮ್ಮೋರು ಲೇಟಾಗಿ ತಿಂದ್ರೆ ನಾನೇನ್ ಮಾಡ್ಲಿ ಸರ" ಅಂದ. ಬಿಲ್ಲಿಲ್ಲ, ಆಹಾರ ಇಲಾಖೆ ಲೈಸೆನ್ಸಿನ 14 ಅಂಕಿ ನಂಬರ್ ಕೇಳಿದ್ರೆ ಉತ್ತರ ಇಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಕೇಳಬೇಕಿತ್ತು, ನೀವು ಕೇಳಿ. ಹಾಗಂತ ಮನೆ ಅಡುಗೆ ಅಂತಲೂ ಮೈಮರೀಬೇಡಿ. ಬೆಳಿಗ್ಗೆ ಕಲಸಿದ ಚಿತ್ರಾನ್ನ, ಮಧ್ಯಾಹ್ನದ ಹೆಸರುಬೇಳೆ ಕೋಸಂಬರಿ ರಾತ್ರಿವರೆಗೆ ಹೊರಗಿದ್ರೆ ಅವೂ ಕೆಡ್ತವೆ.

ಯಾರಿಗಾದ್ರೂ ವಾಂತಿ-ಭೇದಿ ಹಿಡಿದ್ರೆ ಓಆರ್‌ಎಸ್ ಪುಡಿ ಸಿಗೋವರೆಗೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಮಟ್ಟಸವಾಗಿ ಅಳೆದು ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಮಗು ಉಚ್ಚೆ ಹೊಯ್ಯೋದು ನಿಲ್ಲಿಸಿದ್ರೆ ಕಾಯ್ಕೊಂಡು ಕೂರಬೇಡಿ, ಆಸ್ಪತ್ರೆಗೆ ಓಡಿ.

ಅವ್ವ ಇವತ್ತಿನವರೆಗೂ "ನಾ ಹೇಳಿರ್ಲಿಲ್ಲಾ?" ಅಂದಿಲ್ಲ. ಮುಂದಿನ ಯುಗಾದಿಗೆ ಸಾಮಾನಿನ ಚೀಟಿ ಬರೆಯೋಕೆ ಕೂತಾಗ ಪೆನ್ನು ನನ್ನ ಕೈಗೆ ಕೊಟ್ಟು ಅಂದ್ಳು: "ಮೊದ್ಲು ಮಂಡಕ್ಕಿ ಬರಿ."