ಸಂದರ್ಶನಕ್ಕೆ ಮೂರು ತಯಾರಿ: ಬೆಳಗಾವಿಯ ಕೋರ್ಸು, 499 ರೂಪಾಯಿಯ ಪಿಡಿಎಫ್, ವಿಜಯಪುರದ ಸಣ್ಣ ಆಫೀಸು

ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸಕ್ಕೆ ನಾನು ಮೂರು ಕಡೆ ಸಂದರ್ಶನ ಕೊಟ್ಟೆ. ಮೂರನೆಯ ಕಡೆ ಕೆಲಸ ಸಿಕ್ಕಿತು. ಮೂರಕ್ಕೂ ನಾನು ಮಾಡಿಕೊಂಡ ತಯಾರಿ ಬೇರೆ ಬೇರೆ. ಮೊದಲನೆಯದಕ್ಕೆ ಬೆಳಗಾವಿಯಲ್ಲಿ ಮೂರು ತಿಂಗಳ ಸಾಫ್ಟ್‌ವೇರ್ ಕೋರ್ಸು. ಎರಡನೆಯದಕ್ಕೆ 499 ರೂಪಾಯಿಗೆ ಕೊಂಡ ಪ್ರಶ್ನೋತ್ತರದ ಪಿಡಿಎಫ್. ಮೂರನೆಯದಕ್ಕೆ ನಮ್ಮ ವಿಜಯಪುರದಲ್ಲೇ ಒಬ್ಬ ಕನ್ಸಲ್ಟೆಂಟ್ ಸರ್ ಆಫೀಸಿನಲ್ಲಿ ಎರಡು ತಿಂಗಳು ಸಂಬಳವಿಲ್ಲದೆ ಕೂತದ್ದು. ಮತ್ತೊಮ್ಮೆ ಶುರು ಮಾಡು ಎಂದರೆ ನಾನು ಸೀದಾ ಆ ಆಫೀಸಿಗೇ ಹೋಗುತ್ತೇನೆ. ಈ ವರ್ಷ ವಿಟಿಯು ಪರೀಕ್ಷೆ ಮುಗಿಸಿದವರು ಎಲ್ಲಾದರೂ ಫೀ ಕಟ್ಟುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಕೋರ್ಸಿಗೆ 18,000 ರೂಪಾಯಿ, ಮೇಲೆ ಮೂರು ತಿಂಗಳ ಪೀಜಿ ಬಾಡಿಗೆ, ಊಟ. ಕಟ್ಟಡದ ಬಲದ ಲೆಕ್ಕ ಹಾಕುವ ಈಟ್ಯಾಬ್ಸ್, ಸ್ಟ್ಯಾಡ್ ಎರಡನ್ನೂ ಕಲಿಸಿದರು, ಚೆನ್ನಾಗಿಯೇ ಕಲಿಸಿದರು. ಐದು ಅಂತಸ್ತಿನ ಕಟ್ಟಡದ ಮಾಡೆಲ್ಲನ್ನು ಅರ್ಧ ದಿನದಲ್ಲಿ ನಿಲ್ಲಿಸುವಷ್ಟು ಕೈ ಪಳಗಿತು. ಆದರೆ ಪುಣೆಯ ಸಂದರ್ಶನದಲ್ಲಿ ಎದುರಿಗಿದ್ದವರು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಬಿಳಿ ಹಾಳೆ ಮುಂದೆ ಸರಿಸಿ, 4 ಮೀಟರ್ ಬೀಮು, ಮೀಟರಿಗೆ 20 ಕಿಲೋನ್ಯೂಟನ್ ಭಾರ, ತುದಿಗಳು ಸುಮ್ಮನೆ ಗೋಡೆಯ ಮೇಲೆ ಕೂತಿವೆ, ನಡುವಿನ ಮೊಮೆಂಟ್, ಅಂದರೆ ಭಾರವು ಬೀಮನ್ನು ಬಾಗಿಸುವ ಪರಿಣಾಮ, ಎಷ್ಟು ಎಂದರು. 40 ಎಂದೆ. ಎರಡೂ ತುದಿ ಬಿಗಿದರೆ ಎಂದರು. ತಡವರಿಸಿದೆ. ಆಮೇಲೆ, ಬಿಗಿದ ಬೀಮಿಗೆ ಸಾಫ್ಟ್‌ವೇರು ತುದಿಯಲ್ಲಿ 27, ನಡುವೆ 31 ತೋರಿಸಿದರೆ ನಂಬುತ್ತೀರಾ ಎಂದು ಕೇಳಿದರು. ನಂಬುತ್ತೇನೆ ಎಂದೆ. ಸಂದರ್ಶನ ಅಲ್ಲಿಗೆ ಮುಗಿದ ಹಾಗೆಯೇ ಆಯಿತು.

ಇದರ ಉತ್ತರವನ್ನು ವಿಜಯಪುರದ ಸರ್ ನನಗೆ ಒಂದು ಚಹಾ ಕುಡಿಯುವಷ್ಟರಲ್ಲಿ ತಿಳಿಸಿದರು. ಬಿಗಿದ ತುದಿಯಲ್ಲಿ 26.7, ನಡುವೆ 13.3, ಕೂಡಿಸಿದರೆ ಮತ್ತೆ 40. ಎರಡೂ ತುದಿ ಒಂದೇ ತರ ಬಿಗಿದಿದ್ದರೆ, ಎಷ್ಟೇ ಬಿಗಿದಿರಲಿ, ತುದಿಯದೂ ನಡುವಿನದೂ ಸೇರಿ 40 ಆಗಲೇಬೇಕು. 27ಕ್ಕೆ 31 ಕೂಡಿದರೆ 58. ಅಂದರೆ ಮಾಡೆಲ್ಲಿನಲ್ಲಿ ಭಾರವನ್ನೋ ಉದ್ದವನ್ನೋ ಎಲ್ಲೋ ತಪ್ಪಾಗಿ ಕೊಟ್ಟಿದ್ದೇವೆ.

ಇನ್ನು ಪಿಡಿಎಫ್. ಮೂರರಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುನ್ನೂರು ಪ್ರಶ್ನೆ, ಒಂದೊಂದಕ್ಕೂ ಎರಡು ಸಾಲಿನ ಉತ್ತರ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ರಾತ್ರಿ ಲೈಟ್ ಆರಿಸಿದ ಮೇಲೂ ಮೊಬೈಲಿನಲ್ಲಿ ಬಾಯಿಪಾಠ ಮಾಡಿದೆ. ಭೂಕಂಪ ತಡೆಯುವ ಡೀಟೇಲಿಂಗಿನಲ್ಲಿ, ಅಂದರೆ ಕಾಂಕ್ರೀಟಿನೊಳಗೆ ಸಳಿ (ಕಬ್ಬಿಣದ ಸರಳು) ಜೋಡಿಸುವ ಕ್ರಮದಲ್ಲಿ, ಕಾಲಮ್ಮಿನ ಕನಿಷ್ಠ ಅಗಲ ಎಷ್ಟು ಎಂಬ ಪ್ರಶ್ನೆಗೆ ಅದರಲ್ಲಿದ್ದ ಉತ್ತರ: 200 ಮಿಲಿಮೀಟರ್, ಐಎಸ್ 13920. ಅದು ಇದೇ ಡೀಟೇಲಿಂಗಿನ ನಿಯಮಗಳ ಭಾರತೀಯ ಕೋಡ್.

ಹುಬ್ಬಳ್ಳಿಯ ಸಂದರ್ಶನದಲ್ಲಿ ಇದೇ ಪ್ರಶ್ನೆ ಬಂತು. ಖುಷಿಯಿಂದ 200 ಎಂದೆ.

‘ಯಾವ ವರ್ಷದ ಕೋಡ್ ನೋಡಿ ಹೇಳಾಕತ್ತೀರಿ?’ ಎಂದರು ಅವರು. ನನ್ನಲ್ಲಿ ಉತ್ತರವಿಲ್ಲ. ‘ಯಾವ ಊರು?’ ವಿಜಯಪುರ ಎಂದೆ. ‘ನಿಮ್ಮೂರು ಯಾವ ಭೂಕಂಪ ವಲಯದಾಗ ಬರ್ತದ?’ ಮೂರನೇ ವಲಯ ಎಂದೆ, ಅದು ಗೊತ್ತಿತ್ತು. ‘ಹಂಗಾದ್ರ ನಿಮ್ಮೂರಿಗೆ 13920 ಕಡ್ಡಾಯ. ಅಲ್ಲಿ 9 ಇಂಚಿನ ಕಾಲಮ್ ಇಡಬಹುದೇನ್ರಿ?’ 9 ಇಂಚು ಅಂದರೆ 230 ಮಿಲಿಮೀಟರ್, 200ಕ್ಕಿಂತ ದೊಡ್ಡದು, ಇಡಬಹುದು ಸರ್ ಎಂದೆ.

ಮನೆಗೆ ಬಂದು ಅಸಲು ಕೋಡ್ ತೆಗೆದು ನೋಡಿದೆ. 200 ಎಂಬುದು 1993ರ ಆವೃತ್ತಿಯ ಮಾತು. ಅದರಲ್ಲೂ ಬೀಮಿನ ಅಂತರ 5 ಮೀಟರ್ ಅಥವಾ ಕಾಲಮ್ಮಿನ ಎತ್ತರ 4 ಮೀಟರ್ ದಾಟಿದರೆ 300 ಬೇಕು ಎಂಬ ಷರತ್ತಿತ್ತು, ಪಿಡಿಎಫ್ ಮಾಡಿದವರು ಅದನ್ನು ಕೈಬಿಟ್ಟಿದ್ದರು. 2016ರ ಆವೃತ್ತಿಯಲ್ಲಿ ಎಲ್ಲಿಯೂ 300ಕ್ಕಿಂತ ಕಡಿಮೆ ಇಲ್ಲ. ಮೇಲಾಗಿ ಆ ಕಾಲಮ್ಮಿನೊಳಗೆ ಹಾಯುವ ಬೀಮಿನ ಅತಿ ದಪ್ಪ ಸಳಿಯ 20 ಪಟ್ಟಿಗಿಂತಲೂ ಕಡಿಮೆ ಇರಬಾರದು. 16 ಮಿಲಿಮೀಟರಿನ ಸಳಿಯಾದರೆ 320, 20ರದ್ದಾದರೆ 400. ನಮ್ಮ ಕಡೆ ಗೋಡೆಯೊಳಗೆ ಮುಚ್ಚಿಹೋಗಲಿ ಎಂದು ಮನೆಮನೆಗೂ ನಿಲ್ಲಿಸುವ 9 ಇಂಚಿನ ಕಾಲಮ್ ಈ ಲೆಕ್ಕದಲ್ಲಿ ನಿಲ್ಲುವುದೇ ಇಲ್ಲ. ನಮ್ಮ ಸ್ವಂತ ಮನೆಯ ಕಾಲಮ್ಮೂ ಅಷ್ಟೇ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹುಡುಕುತ್ತ ಹೋದಂತೆ ಇನ್ನೂ ಸಿಕ್ಕವು. ಸಳಿಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆಯ ಉದ್ದ ಹಳೆಯದು: 75 ಮಿಲಿಮೀಟರ್ ಎಂದಿತ್ತು, 2016ರ ಆವೃತ್ತಿಯಲ್ಲಿ ಸಳಿಯ ವ್ಯಾಸದ 6 ಪಟ್ಟು, ಕನಿಷ್ಠ 65. ಡೆವಲಪ್‌ಮೆಂಟ್ ಲೆಂಗ್ತ್, ಅಂದರೆ ಸಳಿ ಕಿತ್ತು ಬರದಂತೆ ಕಾಂಕ್ರೀಟಿನೊಳಗೆ ಇರಬೇಕಾದ ಉದ್ದ, ವ್ಯಾಸದ 47 ಪಟ್ಟು ಎಂದು ಬರೆದು ಬಿಟ್ಟಿದ್ದರು. ಅದು ಎಂ20 ದರ್ಜೆಯ ಕಾಂಕ್ರೀಟು, ಎಫ್‌ಇ 415 ದರ್ಜೆಯ ಸಳಿಗೆ ಮಾತ್ರ. ಈಗ ಸೈಟಿನಲ್ಲಿ ಹೆಚ್ಚಾಗಿ ಕಾಣುವ ಎಂ25, ಎಫ್‌ಇ 500ಕ್ಕೆ ಲೆಕ್ಕ ಹಾಕಿದರೆ ಸುಮಾರು 49 ಪಟ್ಟು, 16ರ ಸಳಿಗೆ 780 ಮಿಲಿಮೀಟರಿನ ಹತ್ತಿರ. ಷರತ್ತು ಗೊತ್ತಿಲ್ಲದೆ ಸಂಖ್ಯೆ ಮಾತ್ರ ಹೇಳಿದರೆ ಎದುರಿನವರ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. 499 ಹೋದದ್ದಕ್ಕಿಂತ, ಆ ಉತ್ತರಗಳನ್ನು ನಂಬಿದೆನಲ್ಲ ಎಂಬ ಸಂಕಟವೇ ನನಗೆ ದೊಡ್ಡದು.

ಯೂಟ್ಯೂಬ್: ಅರ್ಥವಾಗದ ಒಂದೊಂದು ವಿಷಯಕ್ಕೆ ಒಳ್ಳೆಯದು, ತಯಾರಿಗೆ ಸಾಲದು. ಗೇಟ್ ನೋಟ್ಸು: ಮೆಕ್ಯಾನಿಕ್ಸ್ ಗಟ್ಟಿಯಾಗುತ್ತದೆ, ಡೀಟೇಲಿಂಗ್ ಬರುವುದಿಲ್ಲ.

ಕನ್ಸಲ್ಟೆಂಟ್ ಸರ್ ಆಫೀಸು ಎಂದರೆ ಎರಡು ಟೇಬಲ್ಲು, ಒಂದು ಕಂಪ್ಯೂಟರು, ಗೋಡೆ ತುಂಬ ಸುತ್ತಿಟ್ಟ ಡ್ರಾಯಿಂಗು. ಮೊದಲ ದಿನವೇ ಹೇಳಿದರು: ‘ರನ್ ಒತ್ತೂದಕಿಂತ ಮೊದ್ಲ ಎಷ್ಟ ಬರ್ತದ ಅಂತ ಪೆನ್ಸಿಲ್ಲಿಲೇ ಬರದಿಡವ್ವಾ.’ ಎರಡು ತಿಂಗಳು ಅದನ್ನೇ ಮಾಡಿದೆ. ಬೆಳಿಗ್ಗೆ ಕಾಂಕ್ರೀಟಿನ ಕೋಡಾದ ಐಎಸ್ 456ರ ಒಂದು ಕ್ಲಾಜು (ನಿಯಮ), ಅದರ ಮೇಲೆ ಒಂದು ಕೈಲೆಕ್ಕ, ಹತ್ತು ಗಂಟೆಗೆ ಸೈಟು. ಕೋಡುಗಳಿಗೆ ದುಡ್ಡು ಬೇಕಿಲ್ಲ, ಕೋಡು ಹೊರಡಿಸುವ ಬಿಐಎಸ್ ಸಂಸ್ಥೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ನನಗೆ ಖರ್ಚಾದದ್ದು ಝೆರಾಕ್ಸು ಮತ್ತು ಸಿಟಿ ಬಸ್ಸಿನ ದುಡ್ಡು.

ಒಂದು ದಿನ ಸೋಲಾಪುರ ರಸ್ತೆಯ ಕಡೆ ಒಂದು ಮನೆಗೆ ಬಾಲ್ಕನಿಯ ಸ್ಲ್ಯಾಬ್ ಹಾಕುವುದಿತ್ತು. 1.2 ಮೀಟರ್ ಮುಂಚಾಚು, 150 ಮಿಲಿಮೀಟರ್ ದಪ್ಪ. ಮುಂಚಾಚಿನಲ್ಲಿ ಸಳಿ ಮೇಲ್ಗಡೆ ಇರಬೇಕು, 10ರ ಸಳಿ ಕಟ್ಟಿದ್ದರು. ಬುಟ್ಟಿ ಹೊತ್ತವರು ಅದರ ಮೇಲೇ ಓಡಾಡಿ, ಸಳಿಯನ್ನು ಎತ್ತಿ ಹಿಡಿಯುವ ಚೇರುಗಳು ಮಲಗಿಬಿಟ್ಟಿದ್ದವು. ‘ತಂಗಿ, ಈ ಕಡೆ ಬರಬ್ಯಾಡ, ಸಳಿ ಚುಚ್ಚತಾವು’ ಎಂದು ಗೌಂಡಿ ಕಾಕಾ ಕೂಗಿದರು. ಹುಷಾರಾಗಿ ಹೋಗಿ ಟೇಪು ಇಟ್ಟು ನೋಡಿದೆ. ಮೇಲಿನಿಂದ 20 ಇರಬೇಕಾದದ್ದು 60 ಇತ್ತು. ಸರ್‌ಗೆ ಫೋನ್ ಮಾಡಿದೆ, ಕೆಲಸ ನಿಲ್ಲಿಸಿ ಹೊಸ ಚೇರು ಹಾಕಿಸಿದರು. ಸಂಜೆ ಆಫೀಸಿನಲ್ಲಿ ಲೆಕ್ಕ ಹಾಕಿದೆವು: ಎಫೆಕ್ಟಿವ್ ಡೆಪ್ತ್, ಅಂದರೆ ಸ್ಲ್ಯಾಬಿನ ಅಡಿಯಿಂದ ಸಳಿಯ ನಡುವಿನವರೆಗಿನ ಅಳತೆ, 125ರಿಂದ 85ಕ್ಕೆ ಇಳಿದಿತ್ತು. ಹಾಗೇ ಬಿಟ್ಟಿದ್ದರೆ ಬಾಲ್ಕನಿಯ ಬಲದಲ್ಲಿ ಸುಮಾರು ಮೂರನೇ ಒಂದು ಪಾಲು ಇರುತ್ತಲೇ ಇರಲಿಲ್ಲ.

ಬೆಳಗಾವಿಯಲ್ಲಿ ನಡೆದ ನನ್ನ ಮೂರನೇ ಸಂದರ್ಶನದಲ್ಲಿ, ಸೈಟಿನಲ್ಲಿ ನೀವೇ ಕಂಡುಹಿಡಿದ ತಪ್ಪು ಒಂದು ಹೇಳಿ ಎಂದರು. ಇದನ್ನೇ ಹೇಳಿದೆ, ಹಾಳೆಯ ಮೇಲೆ ಸಳಿ ಬರೆದು ತೋರಿಸಿದೆ. ನಿಮ್ಮ ಊರಿನ ಎರಿ (ಕಪ್ಪು) ಮಣ್ಣಿನಲ್ಲಿ ಫೂಟಿಂಗ್, ಅಂದರೆ ಕಾಲಮ್ಮಿನ ಅಡಿಪಾಯ, ಎಲ್ಲಿ ಕೂರಿಸುತ್ತೀರಿ ಎಂದರು. ನೀರು ಕುಡಿದು ಉಬ್ಬುವ, ಬಿಸಿಲಿಗೆ ಬಿರಿಯುವ ಪದರ ದಾಟಿ ಗಟ್ಟಿ ಗರಸು ಮಣ್ಣು ಹತ್ತುವವರೆಗೆ ಅಗೆಯುತ್ತೇವೆ, ಗರಸು ತೀರ ಆಳದಲ್ಲಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಅಗಲವಾಗುವ ನೆಲದೊಳಗಿನ ಕಂಬ, ಎಂದೆ. ಇವೆರಡರ ಮೇಲೆಯೇ ಅರ್ಧ ತಾಸು ಮಾತು ನಡೆಯಿತು.

ಆಫೀಸಿನಲ್ಲಿ ಕೊರತೆಯೂ ಇತ್ತು. ಅಲ್ಲಿ ಬರುವುದು ಎರಡು, ಮೂರು ಅಂತಸ್ತಿನ ಮನೆಗಳು. ಉಕ್ಕಿನ ಕಟ್ಟಡ, ಅಂದರೆ ಐಎಸ್ 800, ಒಂದು ದಿನವೂ ಬರಲಿಲ್ಲ. ಗಾಳಿಯ ಒತ್ತಡದ ಲೆಕ್ಕ ಓದಿದ್ದು ಬಿಟ್ಟರೆ ಮಾಡಿಲ್ಲ. ಸರ್ಟಿಫಿಕೇಟು ಇಲ್ಲ. ಸರ್ ಊರಲ್ಲಿಲ್ಲದ ದಿನ ಡ್ರಾಯಿಂಗ್ ತಿದ್ದುವುದಷ್ಟೇ ಕೆಲಸ. ಬೆಂಗಳೂರಿನಲ್ಲಿ ಎತ್ತರದ ಕಟ್ಟಡ ಮಾಡುವ ಕಂಪನಿಯೇ ಬೇಕು ಎನ್ನುವವರಿಗೆ ಈಟ್ಯಾಬ್ಸ್ ಕೋರ್ಸು ಬೇಕಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಈಗ ಕೆಲಸಕ್ಕೆ ಸೇರಿದ ಮೇಲೆ ಆ ಕೋರ್ಸು ನನಗೂ ಉಪಯೋಗಕ್ಕೆ ಬಂದಿದೆ.

ಆದರೆ ನಾನು ಕೂತು ಬರೆದರೆ ಮಾತ್ರ ಕಲಿಯುವವಳು, ನೋಡಿ ಕಲಿಯುವವಳಲ್ಲ. ಅಪ್ಪನ ಸಂಬಳದಲ್ಲಿ ತಮ್ಮನ ಡಿಪ್ಲೊಮಾ ಫೀಯೂ ಹೋಗಬೇಕು. ಮನೆಯ ಊಟ ಮಾಡಿಕೊಂಡು ಎರಡು ತಿಂಗಳು ಸಂಬಳವಿಲ್ಲದೆ ಇರಬಲ್ಲೆ, ಬೆಳಗಾವಿಯಲ್ಲಿ ಪೀಜಿ ಬಾಡಿಗೆ ಕಟ್ಟಿಕೊಂಡು ಇನ್ನೊಮ್ಮೆ ಹಾಗೆ ಇರಲಾರೆ. ನನ್ನ ಹಾಗಿರುವವರು ಮೊದಲು ಊರಿನ ಕನ್ಸಲ್ಟೆಂಟ್ ಆಫೀಸುಗಳಿಗೆ ಹೋಗಿ ಕೇಳಿ. ನಾನು ಮೂರು ಕಡೆ ಕೇಳಿದ್ದೆ, ಎರಡು ಕಡೆ ಜಾಗ ಇಲ್ಲ ಎಂದರು. ಕೋರ್ಸಿಗೆ ದುಡ್ಡಿದ್ದರೆ ಅದನ್ನು ಆಮೇಲೆ ಸೇರಿ. ಪ್ರಶ್ನೋತ್ತರದ ಪಿಡಿಎಫ್ ಯಾರಾದರೂ ಪುಕ್ಕಟೆ ಕಳಿಸಿದರೂ ಅದರಲ್ಲಿ ಪ್ರಶ್ನೆ ಮಾತ್ರ ಓದಿ, ಉತ್ತರವನ್ನು ಕೋಡಿನಲ್ಲೇ ಹುಡುಕಿ. ಹುಡುಕುವಾಗ ಕೋಡಿನ ಮೊದಲ ಪುಟದಲ್ಲಿರುವ ವರ್ಷವನ್ನು ನೋಟ್‌ಬುಕ್ಕಿನಲ್ಲಿ ಪಕ್ಕಕ್ಕೇ ಬರೆದುಕೊಳ್ಳಿ.