ಕಾರ್ಡೆಕ್ಸ್ ಬೀರುವಿಗೆ ನಾಲ್ಕು ಸ್ಟಾರ್, ಕಾರ್ಡೆಕ್ಸ್ ಟೀಮಿಗೆ ಎಷ್ಟು?

ಹೋದ ತಿಂಗಳು ಗುಜರಿಯಿಂದ ಒಂದು ಹಳೇ ಕಾರ್ಡೆಕ್ಸ್ ಕ್ಯಾಬಿನೆಟ್ ತಂದೆ. 2,800 ರೂಪಾಯಿ, ಗೂಡ್ಸ್ ಆಟೋಗೆ ಬೇರೆ 500. ಗುಜರಿಯವರು ಮೊದಲು 4,000 ಹೇಳಿದ್ದರು, "ಸಾರ್, ಇದು ಈಗ ಎಲ್ಲೂ ಸಿಗೋದೇ ಇಲ್ಲ" ಅಂತ. ಸಿಗೋದಿಲ್ಲ ನಿಜ, ಯಾರೂ ಕೇಳೋದೂ ಇಲ್ಲ ಅಲ್ವಾ ಅಂದೆ. ನಕ್ಕು ಇಳಿಸಿದರು.

ಲೈಬ್ರರಿ ಸೈನ್ಸ್ ಓದಿದವರಿಗೆ ಇದರ ಪರಿಚಯ ಇರುತ್ತದೆ. ನಿಯತಕಾಲಿಕಗಳನ್ನು ದಾಖಲು ಮಾಡುವ ಪಾಠದಲ್ಲಿ ರಿಜಿಸ್ಟರ್ ಪದ್ಧತಿ, ರಂಗನಾಥನ್ ಅವರ ಮೂರು ಕಾರ್ಡ್ ಪದ್ಧತಿ, ಕಾರ್ಡೆಕ್ಸ್ ಪದ್ಧತಿ ಅಂತ ಬರೆದು ಅಂಕ ತಗೊಂಡಿರುತ್ತೀರಿ. ಕಂಪ್ಯೂಟರ್ ಬಂದ ಮೇಲೆ ಮೂಲೆ ಸೇರಿತು. ನಾನು ತಂದದ್ದು ನನ್ನ ಹಳೇ ಪತ್ರಿಕೆಗಳ ಲೆಕ್ಕ ಇಡೋಕೆ.

ನೋಡದವರಿಗೆ ಹೇಳಿಬಿಡುತ್ತೇನೆ. ಗಟ್ಟಿ ಕಬ್ಬಿಣದ ಪೆಟ್ಟಿಗೆ, ಒಳಗೆ ಒಂದರ ಕೆಳಗೊಂದು ತೆಳ್ಳನೆ ಟ್ರೇಗಳು. ಟ್ರೇ ಎಳೆದರೆ ಮುಂದಕ್ಕೆ ಬಂದು ಬಾಗಿ ನೇತಾಡುತ್ತದೆ. ಅದರಲ್ಲಿ ಕಾರ್ಡುಗಳು ಮನೆ ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ, ಪ್ರತಿ ಕಾರ್ಡಿನ ಕೆಳಗಿನ ಅಂಚು ಮಾತ್ರ ಕಾಣುತ್ತದೆ, ಆ ಅಂಚಿನಲ್ಲೇ ಪತ್ರಿಕೆಯ ಹೆಸರು. ಬೇಕಾದ ಹೆಸರು ಹುಡುಕಿ ಮೇಲಿನವನ್ನು ಎತ್ತಿದರೆ ತಿಂಗಳ ಲೆಕ್ಕದಲ್ಲಿ ಮನೆಗಳು, ಸಂಚಿಕೆ ಬಂದ ಹಾಗೆ ಒಂದೊಂದರಲ್ಲಿ ಟಿಕ್. ಬರಬೇಕಾದ ಸಂಚಿಕೆ ಬರದಿದ್ದರೆ ಅಂಚಿನಲ್ಲಿ ಒಂದು ಕೆಂಪು ಸಿಗ್ನಲ್ ಸರಿಸಿದರಾಯ್ತು. ದೂರದಿಂದಲೇ ಗೊತ್ತಾಗುತ್ತದೆ ಯಾವುದು ಬಾಕಿ ಅಂತ. ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ.

ದೂರು ಒಂದೇ, ಅದೂ ಗುಜರಿಯವರ ಮೇಲೆ. ತುಕ್ಕು ಮುಚ್ಚೋಕೆ ದಪ್ಪಗೆ ಬೂದು ಬಣ್ಣ ಬಳಿದಿದ್ದಾರೆ, ಹಳಿಯ ಮೇಲೂ ಬಳಿದಿದ್ದಾರೆ. ಏಳನೇ ಟ್ರೇ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದೆ, ಮೇಣದ ಬತ್ತಿ ಉಜ್ಜಿದೆ, ಉಹೂಂ. ಒಂದು ಸ್ಟಾರ್ ಅದಕ್ಕೇ ಕಡಿಮೆ.

ಬಣ್ಣದಡಿ ಮುಚ್ಚಿಹೋಗಿದ್ದ ಹೆಸರಿನ ಪಟ್ಟಿಯನ್ನು ಬ್ಲೇಡಿನಿಂದ ಕೆರೆದು, ಈ ಕಂಪನಿ ಯಾವುದಪ್ಪಾ ಅಂತ ನೆಟ್ಟಲ್ಲಿ ಹುಡುಕಿದರೆ ಸಿಕ್ಕಿದ್ದು ಫುಟ್‌ಬಾಲ್ ಟೀಮು! ಟೊನಾವಾಂಡ ಕಾರ್ಡೆಕ್ಸ್. ನ್ಯೂಯಾರ್ಕ್ ರಾಜ್ಯದಲ್ಲಿ, ಬಫಲೋಗೂ ನಯಾಗರಾ ಜಲಪಾತಕ್ಕೂ ನಡುವೆ, ಈರಿ ಕಾಲುವೆಯ ದಡದ ಊರು. ಮರದ ದಿಮ್ಮಿ ವ್ಯಾಪಾರಕ್ಕೆ ಹೆಸರುವಾಸಿ, ಹಾಗಾಗಿ ಟೀಮಿಗೆ ಮೊದಲು ಲಂಬರ್‌ಜಾಕ್ಸ್, ಅಂದರೆ ಮರ ಕಡಿಯುವವರು, ಅಂತ ಹೆಸರು. ಅದೇ ಊರಿನ ಅಮೆರಿಕನ್ ಕಾರ್ಡೆಕ್ಸ್ ಕಂಪನಿ ಬೆನ್ನಿಗೆ ನಿಂತ ಮೇಲೆ ಹೆಸರೂ ಕಾರ್ಡೆಕ್ಸ್ ಆಯ್ತು.

ಕಂಪನಿಯ ಯಜಮಾನ ಜೇಮ್ಸ್ ರ‍್ಯಾಂಡ್ ಜೂನಿಯರ್. ಅಪ್ಪನದೂ ಇದೇ ಧಂಧೆ, ಲೆಡ್ಜರ್ ಮತ್ತು ಇಂಡೆಕ್ಸ್ ಮಾರಾಟ. ಜಾಹೀರಾತಿಗೆ ಜಾಸ್ತಿ ದುಡ್ಡು ಹಾಕೋಣ ಅಂದ ಮಗ, ಬೇಡ ಅಂದ ಅಪ್ಪ. ಜಗಳ ಆಗಿ ಮಗ ಹೊರಗೆ ಬಂದು ಸ್ವಂತ ಕಂಪನಿ ಶುರುಮಾಡಿದ. ಅಂಥವನ ಕಂಪನಿ ಹೆಸರಲ್ಲಿ ಫುಟ್‌ಬಾಲ್ ಟೀಮು ಅಂದರೆ ಆಶ್ಚರ್ಯ ಏನಿಲ್ಲ. ಆಗ ಅದು ಮಾಮೂಲಿ. ಚಿಕಾಗೊ ಸ್ಟೇಲೀಸ್ ಹೆಸರು ಸ್ಟಾರ್ಚ್ ಕಂಪನಿಯದು, ಗ್ರೀನ್ ಬೇ ಪ್ಯಾಕರ್ಸ್ ಹೆಸರು ಮಾಂಸ ಡಬ್ಬಿ ತುಂಬುವ ಕಂಪನಿಯಿಂದ ಬಂದದ್ದು. ನಮ್ಮ ಬೆಂಗಳೂರಲ್ಲೂ ಐಟಿಐ, ಎಚ್‌ಎಎಲ್ ಟೀಮುಗಳಿದ್ದವಲ್ಲ, ಹಾಗೇ. ಆಟ ಮಾತ್ರ ಬೇರೆ. ಇದು ಕೈಯಲ್ಲಿ ಚೆಂಡು ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್, ಒಂದು ಟಚ್‌ಡೌನ್‌ಗೆ ಆರು ಅಂಕ. ಮುಂದೆ ಸ್ಕೋರ್ ಹೇಳುವಾಗ ಗೋಲು ಅಂತ ಲೆಕ್ಕ ಹಾಕಿ ಎದೆ ಒಡೆದುಕೊಳ್ಳಬೇಡಿ.

1920ರಲ್ಲಿ ಓಹಾಯೋದ ಕ್ಯಾಂಟನ್ ಊರಿನ ಒಂದು ಕಾರ್ ಶೋರೂಮಿನಲ್ಲಿ ಕೂತು ಒಂದು ಲೀಗ್ ಶುರುಮಾಡಿದರು. 1922ರಲ್ಲಿ ಅದಕ್ಕೆ ಎನ್‌ಎಫ್‌ಎಲ್, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂತ ಹೆಸರಿಟ್ಟರು. ನಡುವಿನ 1921ರಲ್ಲಿ 21 ಟೀಮುಗಳು, ಅದರಲ್ಲಿ ನಮ್ಮ ಕಾರ್ಡೆಕ್ಸೂ ಒಂದು. ನಮ್ಮ ಅಂತ ಬಂದುಬಿಡ್ತು ನೋಡಿ, 2,800 ಕೊಟ್ಟಿದ್ದೀನಲ್ಲ.

ಆಗ ಲೀಗಿನವರು ವೇಳಾಪಟ್ಟಿ ಮಾಡಿ ಕೊಡುತ್ತಿರಲಿಲ್ಲ. ಆಯಾ ಟೀಮಿನ ಮ್ಯಾನೇಜರೇ ಎದುರಾಳಿ ಹುಡುಕಿ, ಪತ್ರ ಬರೆದು, ದುಡ್ಡಿನ ಮಾತಾಡಿ ಮ್ಯಾಚ್ ಗೊತ್ತುಮಾಡಬೇಕು. ಟೊನಾವಾಂಡದವರ ಲೆಕ್ಕಕ್ಕೆ ಬಂದದ್ದು ಒಂದೇ. 1921ರ ನವೆಂಬರ್ 6, ಭಾನುವಾರ, ನೂರು ಚಿಲ್ಲರೆ ಕಿಲೋಮೀಟರ್ ದೂರದ ರೋಚೆಸ್ಟರ್‌ನಲ್ಲಿ, ರೋಚೆಸ್ಟರ್ ಜೆಫರ್ಸನ್ಸ್ ಎದುರು. ಟೊನಾವಾಂಡದ ನಾಯಕ ಟ್ಯಾಮ್ ರೋಸ್. ಕೋಚೂ ಅವನೇ, ಇಳಿದು ಆಡಿದವನೂ ಅವನೇ. ಈಗಿನ ಹಾಗೆ ದಾಳಿಗೆ ಒಂದು ಗುಂಪು, ತಡೆಯೋಕೆ ಇನ್ನೊಂದು ಅಂತ ಇರಲಿಲ್ಲ, ಅದೇ ಹನ್ನೊಂದು ಜನ ಎರಡೂ ಮಾಡಬೇಕು. ಹೆಲ್ಮೆಟ್ ಹಾಕಲೇಬೇಕು ಅನ್ನೋ ನಿಯಮವೂ ಇರಲಿಲ್ಲ.

45-0. ಸೊನ್ನೆ ಟೊನಾವಾಂಡದ್ದು.

ಅಲ್ಲಿಗೆ ಸೀಸನ್ ಮುಗೀತು. ಲೀಗಿನಲ್ಲಿ ಟೊನಾವಾಂಡ ಮತ್ತೆ ಆಡಲಿಲ್ಲ, ಮುಂದಿನ ವರ್ಷವೂ ಇಲ್ಲ. ಎನ್‌ಎಫ್‌ಎಲ್ ಇತಿಹಾಸದಲ್ಲಿ ಇದಕ್ಕಿಂತ ಕಡಿಮೆ ಬಾಳಿದ ಟೀಮು ಇನ್ನೊಂದಿಲ್ಲ. ಗೆದ್ದ ರೋಚೆಸ್ಟರ್ ಏನು ಭಾರಿ ಟೀಮಾ ಅಂದರೆ ಅದೂ ಅಲ್ಲ, ಆ ವರ್ಷ ಅವರು ಗೆದ್ದದ್ದು ಎರಡೇ, ಸೋತದ್ದು ಮೂರು. ಅದೇ ವರ್ಷ ನ್ಯೂಯಾರ್ಕಿನ ಬ್ರಿಕ್ಲಿ ಜೈಂಟ್ಸ್ ಅಂತ ಇನ್ನೊಂದು ಟೀಮು 55-0, 17-0 ಅಂತ ಎರಡು ಮ್ಯಾಚ್ ಸೋತು ಮನೆಗೆ ಹೋಯ್ತು. ಸರಾಸರಿ ತೆಗೆದರೆ ಅವರೇ ವಾಸಿ!

ಹಾಗಾದರೆ ರೇಟಿಂಗ್? ಟೊನಾವಾಂಡದ ಅಭಿಮಾನಿ ಕಡೆಯಿಂದ ನೋಡಿ. ಕೆಲವು ವರ್ಷ ಸುತ್ತಮುತ್ತಲ ಊರುಗಳ ಎದುರು ಆಡಿಕೊಂಡಿದ್ದ ಟೀಮು ದೊಡ್ಡ ಲೀಗಿಗೆ ಹೋಯ್ತು ಅಂತ ಖುಷಿಪಟ್ಟಿರುತ್ತಾನೆ. ತವರಲ್ಲಿ ಒಂದು ಲೀಗ್ ಮ್ಯಾಚೂ ಇಲ್ಲ. ಒಂದು ಪಾಯಿಂಟೂ ಇಲ್ಲ. ಸರ್ವಿಸ್ ಅಂತ ನೋಡಿದರೆ ಅರ್ಧ ಸ್ಟಾರ್ ಕೊಡೋಕೂ ಕಷ್ಟ. ಆದರೆ ಜಾಹೀರಾತು ಅಂತ ನೋಡಿದರೆ? ಕಂಪನಿಯ ಕಥೆ ಮುಂದುವರಿಯಿತು. ಅಪ್ಪ ಮಗ ರಾಜಿಯಾದರು, 1927ರಲ್ಲಿ ಟೈಪ್‌ರೈಟರ್ ಕಂಪನಿ ಜತೆ ಸೇರಿ ರೆಮಿಂಗ್ಟನ್ ರ‍್ಯಾಂಡ್ ಆಯ್ತು, ಕೊನೆಗೆ ಕಂಪ್ಯೂಟರನ್ನೂ ಮಾರಿದರು. ಕಾರ್ಡೆಕ್ಸ್ ಅನ್ನೋ ಹೆಸರು ಕಚೇರಿ, ಆಸ್ಪತ್ರೆ, ಲೈಬ್ರರಿಗಳಲ್ಲಿ ಮಾಮೂಲಿ ಮಾತಾಗಿಹೋಯ್ತು. ನೂರು ವರ್ಷದ ಮೇಲೆ ಬೆಂಗಳೂರಲ್ಲಿ ಒಬ್ಬ ಬೀರು ಕೊಂಡು ಟೀಮಿನ ಬಗ್ಗೆ ಬರೀತಾ ಕೂತಿದ್ದಾನೆ. ಒಂದೂವರೆ ಕೊಡ್ತೀನಿ.

ಮೊನ್ನೆ ಸುಮ್ನೆ ಇರಲಾರದೆ ಟೀಮಿಗೂ ಒಂದು ಕಾರ್ಡ್ ಮಾಡಿದೆ. ಅಂಚಿನಲ್ಲಿ ಹೆಸರು, ಕೆಳಗೆ 1921, ನವೆಂಬರ್ ಮನೆಯಲ್ಲಿ ಒಂದು ಟಿಕ್. ಕೆಂಪು ಸಿಗ್ನಲ್ ಕೈಗೆತ್ತಿಕೊಂಡು ಆಮೇಲೆ ಬಿಟ್ಟೆ. ಕೆಂಪು ಅಂದರೆ ಇನ್ನೂ ಬರಬೇಕಿದೆ, ಜ್ಞಾಪನ ಕಳಿಸಿ ಅಂತ ಅರ್ಥ. ಯಾರಿಗೆ ಕಳಿಸೋದು? "ನಿಂತಿದೆ" ಅಂತ ಪೆನ್ಸಿಲ್‌ನಲ್ಲಿ ಬರೆದು ಏಳನೇ ಟ್ರೇಗೆ ಸಿಕ್ಕಿಸಿ ಒಳಗೆ ತಳ್ಳಿದೆ. ಅರ್ಧಕ್ಕೆ ಸಿಕ್ಕಿಕೊಂಡಿತು.